ದೂರವಾಣಿ ತಂತಿಯಿಂದ ಅಂತರ್ಜಾಲಕ್ಕೆ: ಯೂನಿಕ್ಸ್ ಯಂತ್ರದ ಜೋಡಣೆ

ಲಿನಕ್ಸ್ ಯಂತ್ರಕ್ಕೆ ಡಾಟಾ ಕಾರ್ಡು ಸಿಕ್ಕಿಸಿದರೂ ಅಂತರ್ಜಾಲ ಬಾರದಿದ್ದರೆ ನಮ್ಮ ತರುಣರು ಅಂಗಡಿಯವನಿಗೆ ಪಗಾರದ ಒಂದು ಪಾಲು ತೆತ್ತು ಬರುತ್ತಾರೆ. ತೊಡಕು ಎಲ್ಲಿದೆಯೆಂದು ತಾವೇ ಕಂಡುಕೊಳ್ಳಲು ಹಳೆಯ ಡಯಲ್-ಅಪ್ ಪಾಠದಷ್ಟು ಅನುಕೂಲವಾದದ್ದು ಬೇರಿಲ್ಲವೆಂದು ನಮ್ಮ ಎಣಿಕೆ.

ನಮ್ಮ ದೇಶದ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ನೆಯ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದಿಂದ. ಮೊದಲು ಮುಂಬಯಿ, ದಿಲ್ಲಿ, ಕಲಕತ್ತೆ, ಮದ್ರಾಸುಗಳಿಗೆ. ಪುಣೆ ಬೆಂಗಳೂರುಗಳಿಗೆ ತರುವಾಯ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 500 ರೂಪಾಯಿಯ ‘ಶೆಲ್’ ಖಾತೆಯಿತ್ತು. ಅದರಲ್ಲಿ ಅಕ್ಷರ ಮಾತ್ರ, ಚಿತ್ರವಿಲ್ಲ. ದುಡಿಯುತ್ತಿದ್ದುದು ನಿಗಮದ ಯೂನಿಕ್ಸ್ ಯಂತ್ರ, ಮನೆಯದು ಬರಿಯ ಪರದೆ, ಕೀಲಿಮಣೆ. ಲೋಣಾವಳದಂಥ ಊರಿನಿಂದ ಪುಣೆಗೆ ಕರೆ ಹಚ್ಚಿದರೆ ಎಸ್.ಟಿ.ಡಿ. ದರ ಬೀಳುತ್ತಿತ್ತು, ತಂತಿ ಕಡಿದರೆ ಹಣವೂ ಹೋಯಿತು, ಕೆಲಸವೂ ಹೋಯಿತು.

ಇನ್ನು ಜೋಡಣೆ. ಮೋಡೆಮ್ ಎಂಬುದು ಯಂತ್ರದ ಅಂಕೆಗಳನ್ನು ತಂತಿಯಲ್ಲಿ ಹೋಗಬಲ್ಲ ಸದ್ದಾಗಿ ಮಾಡಿ, ಬಂದ ಸದ್ದನ್ನು ಮರಳಿ ಅಂಕೆ ಮಾಡುವ ಪೆಟ್ಟಿಗೆ. ಯೂನಿಕ್ಸ್‌ನಲ್ಲಿ ಉಪಕರಣಗಳೆಲ್ಲ ಕಡತದಂತೆ ಕಾಣುತ್ತವೆ. ಲಿನಕ್ಸ್‌ನಲ್ಲಿ ಮೊದಲನೆಯ ಸರಣಿ ಪೋರ್ಟಿನ ಹೆಸರು ‘ಟಿಟಿವೈಎಸ್0’. ಅಲ್ಲಿಗೆ ‘ಎಟಿ’ ಎಂದು ಬರೆದರೆ ಮೋಡೆಮ್ ‘ಓಕೆ’ ಎನ್ನಬೇಕು. ಎನ್ನದಿದ್ದರೆ ಮುಂದೆ ಹೋಗುವುದು ವ್ಯರ್ಥ. ಪೋರ್ಟೋ ತಂತಿಯೋ ಅನುಮತಿಯೋ ಕೆಟ್ಟಿದೆ. ‘ಎಟಿಡಿಟಿ’ಯ ಮುಂದೆ ಸಂಖ್ಯೆ ಬರೆದರೆ ಅದು ಸ್ವರದಿಂದ ಕರೆಯುತ್ತದೆ, ಹಳೆಯ ಎಕ್ಸ್‌ಚೇಂಜಿಗೆ ‘ಎಟಿಡಿಪಿ’ ಬೇಕು. ಆ ಒಂದಕ್ಷರದಲ್ಲಿ ಎಷ್ಟೋ ಸಂಜೆಗಳು ಕಳೆದಿದ್ದುಂಟು!

ಕರೆಯ ಕೆಲಸಕ್ಕೆ ‘ಚಾಟ್’ ಎಂಬ ಕಾರ್ಯಕ್ರಮವಿದೆ. ಅದರ ಕ್ರಮ ಸರಳ: ಒಂದು ಮಾತಿಗೆ ಕಾಯುವುದು, ಬಂದೊಡನೆ ಉತ್ತರ ಕೊಡುವುದು. ‘ಓಕೆ’ ಬಂದರೆ ಸಂಖ್ಯೆ ಒತ್ತುವುದು, ‘ಕನೆಕ್ಟ್’ ಬಂದರೆ ಮುಂದಿನದು. ಆಮೇಲೆ ‘ಪಿಪಿಪಿಡಿ’ಯ ಸರದಿ. ಇದು ಆಚೆಯ ಯಂತ್ರದೊಡನೆ ಒಪ್ಪಂದ ಮಾಡಿಕೊಂಡು, ಹೆಸರು ಮತ್ತು ಗುಪ್ತಪದ ತೋರಿಸಿ, ಅಂದಿನ ಮಟ್ಟಿಗೆ ಒಂದು ವಿಳಾಸ ಪಡೆಯುತ್ತದೆ. ಮಿಲ್ಲಿನ ಗೇಟಿನಲ್ಲಿ ಹಾಜರಿ ಹಾಕಿಸಿ ಅಂದಿನ ಬಿಲ್ಲೆ ಪಡೆದಂತೆ. ಗುಪ್ತಪದವಿರುವ ‘ಪ್ಯಾಪ್-ಸೀಕ್ರೆಟ್ಸ್’ ಕಡತಕ್ಕೆ 600ರ ಅನುಮತಿ ಕೊಡತಕ್ಕದ್ದು. ಇಲ್ಲವಾದರೆ ಅದೇ ಯಂತ್ರ ಬಳಸುವ ಬೇರೊಬ್ಬರ ಕಣ್ಣಿಗೆ ಬಿದ್ದೀತು.

ವಿಳಾಸ ಸಿಕ್ಕಿತು, ಆದರೂ ಏನೂ ತೆರೆಯದು. ತರುಣರು ಕೈಚೆಲ್ಲುವುದು ಇಲ್ಲಿಯೇ. ಎರಡು ಕಾರಣ ನೋಡಬೇಕು. ಸಾಮಾನ್ಯ ದಾರಿ ಮೋಡೆಮ್‌ನ ಕಡೆಗಿರಬೇಕು. ಮೊದಲೇ ಬೇರೊಂದು ದಾರಿ ಇದ್ದರೆ ‘ಡಿಫಾಲ್ಟ್‌ರೂಟ್’ ಎಂದು ಹೇಳಿದರೂ ಪಿಪಿಪಿಡಿ ಅದನ್ನು ತೆಗೆಯುವುದಿಲ್ಲ, ಕೈಯಾರೆ ತೆಗೆಯಬೇಕು. ಮತ್ತು ‘ರಿಸಾಲ್ವ್.ಕಾನ್ಫ್’ ಕಡತದಲ್ಲಿ ಹೆಸರು ಹುಡುಕಿಕೊಡುವ ಯಂತ್ರದ ವಿಳಾಸವಿರಬೇಕು. ಅಂಕೆಯ ವಿಳಾಸಕ್ಕೆ ‘ಪಿಂಗ್’ ಮಾಡಿದರೆ ಉತ್ತರ ಬಂದು, ಹೆಸರಿಗೆ ಬಾರದಿದ್ದರೆ ತಪ್ಪು ಈ ಕಡತದ್ದೇ. ಎರಡಕ್ಕೂ ಬಾರದಿದ್ದರೆ ಮೊದಲು ದಾರಿಯನ್ನು ನೋಡಿರಿ.

ಡಾಟಾ ಕಾರ್ಡಿನವರು ಇದನ್ನೇ ಓದಿಕೊಳ್ಳಬಹುದು. 3ಜಿ ಕಾರ್ಡುಗಳಲ್ಲಿ ಅನೇಕವು ಯಂತ್ರಕ್ಕೆ ಮೋಡೆಮ್‌ನಂತೆಯೇ ಕಾಣುತ್ತವೆ: ಪೋರ್ಟು ‘ಟಿಟಿವೈಯುಎಸ್‌ಬಿ0’, ಒತ್ತುವ ಸಂಖ್ಯೆ ಬಹುಮಟ್ಟಿಗೆ *99#. ಅದಕ್ಕೂ ಮೊದಲು ಕಂಪನಿಯ ಜಾಲದ ಹೆಸರನ್ನು ‘ಎಟಿ+ಸಿಜಿಡಿಕಾಂಟ್’ ಆಜ್ಞೆಯಿಂದ ತಿಳಿಸಬೇಕು.