ಎರಡನೆಯವರ ಹೆಸರನ್ನೂ ಓದು

ವಾರ್ಡಿಗೆ ನಿಲ್ಲುವ ಆಸೆ ಇದೆಯಂತೆ ನಿನಗೆ, ನಿಮ್ಮಮ್ಮ ಹೇಳಿದಳು. ಬೇಡ ಅನ್ನುವುದಿಲ್ಲ ಮಗಾ. ಆದರೆ ಫ್ಲೆಕ್ಸಿಗೆ ಫೋಟೋ ತೆಗೆಸುವ ಮೊದಲು ಈ ಕ್ಷೇತ್ರದ ಹಿಂದಿನ ಚುನಾವಣೆಗಳನ್ನು ಒಮ್ಮೆ ಓದಿಕೋ. ಗೆದ್ದವರ ಹೆಸರು ನಮ್ಮ ಶೆಟ್ಟಿಹಳ್ಳಿಯ ಟೀ ಅಂಗಡಿಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ನೀನು ಎರಡನೆಯ ಸ್ಥಾನದಲ್ಲಿ ನಿಂತವರ ಹೆಸರನ್ನೂ ಅವರು ಸೋತ ಅಂತರವನ್ನೂ ಓದಬೇಕು.

ನಮ್ಮ ದಾಸರಹಳ್ಳಿ ಕ್ಷೇತ್ರಕ್ಕೆ ವಯಸ್ಸು ಹೆಚ್ಚಿಲ್ಲ. 2007ರಲ್ಲಿ ದಾಸರಹಳ್ಳಿ ನಗರಸಭೆ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಮರುವರ್ಷವೇ ಕ್ಷೇತ್ರ ಮರುವಿಂಗಡಣೆಯಲ್ಲಿ ದಾಸರಹಳ್ಳಿ ಎಂಬ ವಿಧಾನಸಭಾ ಕ್ಷೇತ್ರ ಹುಟ್ಟಿತು. 2008ರಲ್ಲಿ ಬಿಜೆಪಿಯ ಎಸ್. ಮುನಿರಾಜು ಗೆದ್ದರು, ಅವರ ಪಕ್ಷವೇ ಅಧಿಕಾರಕ್ಕೂ ಬಂತು. ಮುಂದಿನದು ನೋಡು. 2013ರಲ್ಲಿ ರಾಜ್ಯದಲ್ಲಿ ಬಿಜೆಪಿ 40 ಸ್ಥಾನಕ್ಕೆ ಕುಸಿಯಿತು, ಇಲ್ಲಿ ಮುನಿರಾಜು ಮತ್ತೆ ಗೆದ್ದರು. 2018ರಲ್ಲಿ ಅದೇ ಪಕ್ಷ 104 ಗೆದ್ದು ಎಲ್ಲರಿಗಿಂತ ಮುಂದೆ ನಿಂತಿತು, ಇಲ್ಲಿ ಮುನಿರಾಜು ಜೆಡಿಎಸ್‌ನ ಆರ್. ಮಂಜುನಾಥ್ ಎದುರು ಸೋತರು. 2023ರಲ್ಲಿ ಪಕ್ಷ 66ಕ್ಕೆ ಇಳಿಯಿತು, ಇಲ್ಲಿ ಮುನಿರಾಜು ವಾಪಸ್ ಬಂದರು. ಮೂರು ಸಲವೂ ನಮ್ಮ ಜನ ರಾಜ್ಯದ ಗಾಳಿಗೆ ಎದುರಾಗಿಯೇ ನಡೆದಿದ್ದಾರೆ. ಬೇಕೆಂದೇ ಹಾಗೆ ಮಾಡಿದರು ಎಂದು ನಾನು ಹೇಳುವುದಿಲ್ಲ. ಪೀಣ್ಯದ ಕಾರ್ಖಾನೆಗೆ ಹೋಗುವವರು, ತುಮಕೂರು ಹಾಸನಗಳ ಕಡೆಯಿಂದ ಬಂದು ಸೈಟು ಕೊಂಡವರು, ಮೊದಲಿಂದ ಇರುವ ಊರಿನವರು, ಇಷ್ಟು ಜನ ಸೇರಿದ ಕಡೆ ಟಿವಿಯಲ್ಲಿ ಕಾಣುವ ಅಲೆ ಬೀದಿಗೆ ಇಳಿಯುವಾಗ ಬೇರೆಯೇ ರೂಪ ತಾಳುತ್ತದೆ ಎಂಬುದು ನನ್ನ ಅನಿಸಿಕೆ. ‘ಈ ಸಲ ನಮ್ಮ ಪಾರ್ಟಿ ಅಲೆ ಇದೆ ದೊಡ್ಡಪ್ಪ’ ಎಂದು ನನ್ನ ಹತ್ತಿರ ಬರಬೇಡ.

ಅಂತರವನ್ನು ಯಾಕೆ ಓದಬೇಕು ಎನ್ನುವುದಕ್ಕೆ ಈಗ ಒಂದು ಹಳ್ಳಿಗಾಡಿನ ಕ್ಷೇತ್ರದ ಕಥೆ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ, ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕ್ಷೇತ್ರ. 2004ರಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿ ಸಾಮಾನ್ಯರಲ್ಲ, ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ. ಕೃಷ್ಣಮೂರ್ತಿಯವರ ಕಾರಿನ ಡ್ರೈವರಿಗೆ ಆ ದಿನ ವೋಟು ಹಾಕಲು ಬಿಡುವೇ ಸಿಗಲಿಲ್ಲವಂತೆ ಎಂದು ಜನ ಇವತ್ತಿಗೂ ಹೇಳುತ್ತಾರೆ. ‘ಆ ಒಬ್ಬ ಹಾಕಿದ್ದರೆ ಗೆದ್ದುಬಿಡುತ್ತಿದ್ದರು’ ಎಂದೂ ಸೇರಿಸುತ್ತಾರೆ.

ಅಷ್ಟರಿಂದಲೇ ಗೆಲ್ಲುತ್ತಿರಲಿಲ್ಲ. ಲೆಕ್ಕ ಹಾಕು. ಡ್ರೈವರು ಹಾಕಿದ್ದರೆ ಇಬ್ಬರಿಗೂ 40,752 ಆಗುತ್ತಿತ್ತು. ಸಮ ಬಂದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಮಿನ ಪ್ರಕಾರ ಚೀಟಿ ಎತ್ತಬೇಕು, ಚೀಟಿ ಬಂದವರಿಗೆ ಒಂದು ಮತ ಹೆಚ್ಚು ಬಂದಂತೆ ಲೆಕ್ಕ. ಅವರು ಚೀಟಿಯ ಹಂಗಿಲ್ಲದೆ ಗೆಲ್ಲಲು ಡ್ರೈವರಿನದೂ ಸೇರಿ ಎರಡು ಮತ ಬೇಕಿತ್ತು. ಇಪ್ಪತ್ತು ವರ್ಷದಿಂದ ವೇದಿಕೆ ಮೇಲೆ ಈ ಕಥೆ ಹೇಳುವವರಲ್ಲಿ ಎಷ್ಟು ಜನ ಈ ಕೂಡಿಸುವ ಲೆಕ್ಕ ಮಾಡಿದ್ದಾರೋ! ರಾಜಕೀಯದಲ್ಲಿ ಕಿವಿಗೆ ಬಿದ್ದ ಕಥೆಯನ್ನು ಹಾಗೇ ನುಂಗಬೇಡ.

ಆ ಕಥೆಯ ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ, ನನಗೆ ಅದೇ ಹೆಚ್ಚು ರುಚಿ. ಆ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬೂತಿನಲ್ಲಿ ಒಂದೊಂದು ಮತಕ್ಕೆ ಬಡಿದಾಡಿದ ಎರಡು ಪಕ್ಷಗಳೂ ಧರ್ಮಸಿಂಗ್ ಸರ್ಕಾರದಲ್ಲಿ ಒಟ್ಟಿಗೆ ಕುಳಿತವು. ಆ ಜಿದ್ದಿಗೆ ಹಳ್ಳಿಯಲ್ಲಿ ಮಾತು ಬಿಟ್ಟವರು ಎಷ್ಟು ದಿನ ಮಾತು ಬಿಟ್ಟಿದ್ದರೋ! ಮಗಾ, ಚುನಾವಣೆಗಾಗಿ ಪಕ್ಕದ ಮನೆಯವರ ಜೊತೆ ಮುಖ ಕೆಡಿಸಿಕೊಳ್ಳಬೇಡ. ಮೇಲಿನವರು ರಾಜಿಯಾಗುವುದು ನಿನ್ನನ್ನು ಕೇಳಿ ಅಲ್ಲ.

2008ರಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಅಳಿಸಿಹೋಯಿತು. ನಮ್ಮ ದಾಸರಹಳ್ಳಿಯನ್ನು ಹುಟ್ಟಿಸಿದ ಮರುವಿಂಗಡಣೆಯೇ ಅದನ್ನು ಮುಗಿಸಿತು. ಧ್ರುವನಾರಾಯಣ ಕೊಳ್ಳೇಗಾಲಕ್ಕೆ ಹೋಗಿ ಗೆದ್ದರು, ಆಮೇಲೆ ಎರಡು ಸಲ ಚಾಮರಾಜನಗರದ ಸಂಸದರಾದರು. 2019ರಲ್ಲಿ ವಿ. ಶ್ರೀನಿವಾಸಪ್ರಸಾದ್ ಎದುರು ಎರಡು ಸಾವಿರವೂ ಇಲ್ಲದ ಅಂತರದಲ್ಲಿ ಸೋತರು. ಒಂದು ಮತದಲ್ಲಿ ಗೆದ್ದವರಿಗೆ ಸಣ್ಣ ಅಂತರದ ಸೋಲಿನ ರುಚಿಯೂ ಸಿಕ್ಕಿತು. ಕೃಷ್ಣಮೂರ್ತಿ ಕಾಂಗ್ರೆಸ್ಸಿಗೆ ಬಂದು 2018ರಲ್ಲಿ ಕೊಳ್ಳೇಗಾಲದಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಎದುರು ಸೋತರು. 2023ರಲ್ಲಿ ಬಿಜೆಪಿ ಸೇರಿದ್ದ ಅದೇ ಮಹೇಶರನ್ನು ಐವತ್ತು ಸಾವಿರಕ್ಕೂ ಮೀರಿದ ಅಂತರದಿಂದ ಸೋಲಿಸಿದರು. ಆ ಒಂದು ಮತದಿಂದ ಈ ಅಂತರಕ್ಕೆ ಬರಲು ಹತ್ತೊಂಬತ್ತು ವರ್ಷ ಹಿಡಿಯಿತು. ಆ ಹೊತ್ತಿಗೆ ಧ್ರುವನಾರಾಯಣ ತೀರಿಕೊಂಡು ಎರಡು ತಿಂಗಳಾಗಿತ್ತು. ಅದೇ ಚುನಾವಣೆಯಲ್ಲಿ ಅವರ ಮಗ ದರ್ಶನ್ ನಂಜನಗೂಡಿನಲ್ಲಿ ಗೆದ್ದರು. ಅಪ್ಪನ ಹೆಸರು ಇಲ್ಲದ ನಿನ್ನಂಥವರು ಹತ್ತೊಂಬತ್ತಕ್ಕಿಂತ ಹೆಚ್ಚೇ ಕಾಯಬೇಕಾದೀತು, ಈಗಲೇ ಹೇಳಿಬಿಡುತ್ತೇನೆ.

ಗಡಿ ಬದಲಾಗುವುದು ವಿಧಾನಸಭೆಗೆ ಮಾತ್ರ ಎಂದುಕೊಳ್ಳಬೇಡ. 198 ವಾರ್ಡಿನ ಪಾಲಿಕೆಯಲ್ಲಿ ಶೆಟ್ಟಿಹಳ್ಳಿಯದು 12ನೇ ನಂಬರಾಗಿತ್ತು. ಆ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಕಾಗದದ ಮೇಲೆ ವಾರ್ಡು 243 ಆದವು, ಮತ್ತೆ 225 ಆದವು, 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಅಷ್ಟೂ ಕಾಲ ಚರಂಡಿ ಕಟ್ಟಿದರೆ ಹೇಳಿಕೊಳ್ಳಲು ಕಾರ್ಪೊರೇಟರೇ ಇರಲಿಲ್ಲ. ನೀನು ಒಂದು ಬೀದಿಯನ್ನು ನೆಚ್ಚಿ ಐದು ವರ್ಷ ದುಡಿದರೆ ಆ ಬೀದಿ ಪಕ್ಕದ ವಾರ್ಡಿಗೆ ಹೋಗಬಹುದು. ಹೋದರೆ ಹೋಗಲಿ, ಅಲ್ಲಿಯ ಕೆಲಸ ಬಿಡಬೇಡ. ಕರಡು ನಕ್ಷೆ ಬಂದಾಗ ಮಾತ್ರ ಗಡುವಿನೊಳಗೆ ಆಕ್ಷೇಪಣೆ ಬರೆದು ಕೊಡು. ಗಡುವು ಮುಗಿದ ಮೇಲೆ ಕೂಗಾಡುವವರೇ ಜಾಸ್ತಿ.

ಚುನಾವಣೆ ಡ್ಯೂಟಿ ಮಾಡಿದ ಮೇಷ್ಟರಾಗಿ ಇನ್ನೊಂದು ಮಾತು. ಅಭ್ಯರ್ಥಿಗಳು ಲಕ್ಷಗಟ್ಟಲೆ ಸುರಿದು ಮೆರವಣಿಗೆ ಮಾಡುತ್ತಾರೆ, ಬೂತಿಗೆ ಮಾತ್ರ ಹೆಸರಿಗೊಬ್ಬ ಏಜೆಂಟನನ್ನು ಕೂರಿಸುತ್ತಾರೆ. ಬೆಳಿಗ್ಗೆ ಅಣಕು ಮತದಾನದ ಹೊತ್ತಿಗೆ ಅವನು ಬಂದಿರುವುದಿಲ್ಲ. ಸಂಜೆ ಮತಗಟ್ಟೆ ಅಧಿಕಾರಿ ಒಟ್ಟು ಎಷ್ಟು ಮತ ಬಿತ್ತು ಎಂದು ಬರೆದು ಕೊಡುವ 17ಸಿ ನಮೂನೆಯನ್ನೂ ತೆಗೆದುಕೊಳ್ಳದೆ ಊಟಕ್ಕೆ ಹೋಗಿರುತ್ತಾನೆ. ಎಣಿಕೆಯ ದಿನ ತಕರಾರು ಬಂದರೆ ನಿನ್ನ ಕೈಯಲ್ಲಿರುವ ದಾಖಲೆ ಆ ಹಾಳೆಯೇ. 2023ರಲ್ಲಿ ಜಯನಗರದಲ್ಲಿ ರಾತ್ರಿಯವರೆಗೆ ಮರುಎಣಿಕೆ ನಡೆದು ಕೊನೆಗೆ ಸಿ.ಕೆ. ರಾಮಮೂರ್ತಿ ಸೌಮ್ಯಾ ರೆಡ್ಡಿಯವರ ಮೇಲೆ 16 ಮತದಿಂದ ಗೆದ್ದರು. ಅಲ್ಲಿ ಜಗಳವೆಲ್ಲ ಅಂಚೆ ಮತಗಳದ್ದು. ಆದರೂ ಅಂಥ ರಾತ್ರಿ ಕೂಗುವವನಿಗಿಂತ ಕಾಗದ ಇಟ್ಟುಕೊಂಡವನ ಮಾತಿಗೆ ಬೆಲೆ.

ನಿನ್ನ ಗೆಳೆಯರಲ್ಲಿ ಅರ್ಧ ಜನರ ವೋಟು ಇನ್ನೂ ಊರಿನಲ್ಲಿದೆ, ಬಾಡಿಗೆ ಮನೆ ಇಲ್ಲಿ. ವೋಟು ವಾಸವಿರುವ ಕಡೆ ಇರಬೇಕು, ಎರಡು ಕಡೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಇಲ್ಲಿಗೆ ತರುವುದಾದರೆ ನಮೂನೆ 8 ತುಂಬಿಸು, ಹೊಸದಾಗಿ ಹದಿನೆಂಟು ತುಂಬಿದವರಿಗೆ ನಮೂನೆ 6. 2023ರಲ್ಲಿ ರಾಜ್ಯದಲ್ಲಿ ನೂರಕ್ಕೆ ಎಪ್ಪತ್ತಮೂರರಷ್ಟು ಮತ ಬಿದ್ದರೆ ಬೆಂಗಳೂರಿನಲ್ಲಿ ಐವತ್ತೈದರ ಆಸುಪಾಸು. ಇದಕ್ಕೆಲ್ಲ ಸೋಮಾರಿತನವೇ ಕಾರಣ ಎಂದು ಬೈಯುವವರ ಜೊತೆ ನಾನಿಲ್ಲ. ಮನೆ ಬದಲಿಸಿದರೂ ಪಟ್ಟಿಯಲ್ಲಿ ಉಳಿದ ಹೆಸರು, ಸತ್ತರೂ ಉಳಿದ ಹೆಸರು, ಅವೂ ಆ ಲೆಕ್ಕದಲ್ಲಿ ಸೇರಿವೆ.

ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಬೂತುವಾರು ಫಲಿತಾಂಶದ ಹಾಳೆ ಸಿಗುತ್ತದೆ, ನಮೂನೆ 20 ಅಂತ. 2018ರದು ಮತ್ತು 2023ರದು ಎರಡನ್ನೂ ಮುದ್ರಿಸಿಕೊಂಡು ಭಾನುವಾರ ಬೆಳಿಗ್ಗೆ ಬಾ. ನಮ್ಮ ಬೂತುಗಳಿಂದಲೇ ಶುರು ಮಾಡೋಣ.