ಮೊಮ್ಮಕ್ಕಳು ಹೊರಟುಹೋದ ಮನೆ

ಓದತಕ್ಕ ವೇದಭಾಗಗಳು: ಆದಿಕಾಂಡ 31:43-55, 1 ಸಮುವೇಲ 2:11, 18-21, ಅಪೊಸ್ತಲರ ಕೃತ್ಯಗಳು 21:3-6.



ಮಂಗಳೂರಿನ ಕಾವೂರಿನಲ್ಲಿ ವಾಸಿಸುವವರಿಗೆ ವಿಮಾನದ ಶಬ್ದವು ಹೊಸದಲ್ಲ. ಬಜಪೆಯ ವಿಮಾನ ನಿಲ್ದಾಣವು 1951ರಲ್ಲಿ ತೆರೆಯಲ್ಪಟ್ಟಿತು. 2006ರಲ್ಲಿ ಅಲ್ಲಿಂದ ನೇರವಾಗಿ ದುಬಾಯಿಗೆ ಹೋಗುವ ಅನುಕೂಲವಾಯಿತು. ನಗರದಿಂದ ಅಲ್ಲಿಗೆ ಹೋಗುವ ದಾರಿಯು ಕಾವೂರನ್ನು ಹಾದು, ಮರವೂರಿನ ಸೇತುವೆಯಲ್ಲಿ ಫಲ್ಗುಣಿ ಹೊಳೆಯನ್ನು ದಾಟುತ್ತದೆ. ಕೊಲ್ಲಿ ದೇಶಗಳ ಶಾಲೆಗಳಿಗೆ ರಜೆ ದೊರೆಯುವದು ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ. ಆಗ ನಮ್ಮಲ್ಲಿ ಮಳೆಗಾಲ. ಮೊಮ್ಮಕ್ಕಳು ಬಂದು, ಮಾಡಿನ ನೀರಿನಲ್ಲಿ ಕಾಗದದ ದೋಣಿಗಳನ್ನು ಬಿಟ್ಟು, ಪತ್ರೊಡೆ ತಿಂದು, ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಮಲಗಿ, ಒಂದು ದಿನ ಅದೇ ದಾರಿಯಾಗಿ ಹೊರಟುಹೋಗುತ್ತಾರೆ.

ಮರುದಿನ ಅಜ್ಜಿಯ ಕೈ ಅಭ್ಯಾಸದಿಂದ ಹೆಚ್ಚು ಅಕ್ಕಿಯನ್ನು ಅಳೆಯುತ್ತದೆ. ಅಜ್ಜನು ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಾನೆ. ಇವರಿಗೆ ದುಃಖವೇ ಇಲ್ಲವೆಂದು ಆಕೆಯೂ, ಈಕೆಯು ಸುಮ್ಮನೆ ಅಳುತ್ತಾಳೆಂದು ಆತನೂ ನೆನಸಿ, ಸಣ್ಣ ಮಾತಿಗೆ ಸಿಟ್ಟಾಗುವದುಂಟು. ಒಂದೇ ದುಃಖವು ಇಬ್ಬರಲ್ಲಿ ಎರಡು ವಿಧವಾಗಿ ತೋರುತ್ತದೆಂಬದನ್ನು ಮೊದಲು ತಿಳಿದುಕೊಳ್ಳಬೇಕು. ಈ ಕಣ್ಣೀರು ಅವಿಶ್ವಾಸವಲ್ಲ. ಎಫೆಸದ ಸಭೆಯ ಹಿರಿಯರು ಪೌಲನನ್ನು ಕಳುಹಿಸುವಾಗ ಬಹಳವಾಗಿ ಅತ್ತರು; ಆತನು ಅವರನ್ನು ಗದರಿಸಲಿಲ್ಲ. ಆದರೆ ಈ ದುಃಖವು ನಮ್ಮನ್ನು ಎಲ್ಲಿಗೆ ನಡಿಸುತ್ತದೆಂಬದನ್ನು ವಿಚಾರಿಸತಕ್ಕದ್ದು.

1. ನನ್ನವರೆಂಬ ಮಾತಿನಿಂದ ಆಶೀರ್ವಾದಕ್ಕೆ.

ಯಾಕೋಬನು ಇಪ್ಪತ್ತು ವರುಷ ಮಾವನಾದ ಲಾಬಾನನ ಸೇವೆಮಾಡಿ, ಹೇಳದೆ ಹೊರಟುಹೋದನು. ಲಾಬಾನನು ಏಳು ದಿನ ಹಿಂದಟ್ಟಿ ಗಿಲ್ಯಾದ್ ಬೆಟ್ಟದಲ್ಲಿ ಅವನನ್ನು ಸಂಧಿಸಿ, ಈ ಹೆಣ್ಣುಮಕ್ಕಳೂ ಅವರು ಹೆತ್ತ ಮಕ್ಕಳೂ ತನ್ನವರೇ ಎಂದು ವಾದಿಸಿದನು. ಅವನು ಕಪಟಿಯೂ ಆಶೆಬುರುಕನೂ ಆಗಿದ್ದರೂ ಅವನ ಈ ಸಂಕಟವು ಸುಳ್ಳಲ್ಲ. ಆ ಮಕ್ಕಳು ಅವನ ಊರಿನಲ್ಲಿಯೇ ಹುಟ್ಟಿ ಬೆಳೆದವರು. ತರುವಾಯ ಕಲ್ಲುಗಳ ಕುಪ್ಪೆಯನ್ನು ಮಾಡಿ ಒಟ್ಟಾಗಿ ಊಟಮಾಡಿದರು. ಅಗಲಿರುವಾಗ ಕರ್ತನೇ ಇಬ್ಬರನ್ನೂ ನೋಡಿಕೊಳ್ಳಲೆಂದು ಆ ಸ್ಥಳಕ್ಕೆ ಮಿಚ್ಪಾ ಎಂಬ ಹೆಸರಾಯಿತು. ಬೆಳಿಗ್ಗೆ ಲಾಬಾನನು ಮೊಮ್ಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಮುದ್ದಿಟ್ಟು ಆಶೀರ್ವದಿಸಿ ತನ್ನ ಸ್ಥಳಕ್ಕೆ ಹಿಂದಿರುಗಿದನು.

ಸಂಜೆ ತನ್ನವರೆಂದು ವಾದಿಸಿದವನು ಬೆಳಿಗ್ಗೆ ಆಶೀರ್ವದಿಸಿ ಕೈಬಿಟ್ಟನು. ಅಜ್ಜ ಅಜ್ಜಿಯರು ನಡೆಯಬೇಕಾದ ದಾರಿಯು ಇದೇ. ಮಕ್ಕಳು ಮುಟ್ಟಿದ ಕೂಡಲೆ ಫೋನಿನಲ್ಲಿ, ನಮ್ಮನ್ನು ಬಿಟ್ಟು ಹೋದಿರಲ್ಲಾ, ಇನ್ನು ನಾವು ಸತ್ತ ಮೇಲೆ ಬನ್ನಿರಿ ಎಂದು ಹೇಳುವದು ಇನ್ನೂ ಗಿಲ್ಯಾದಿನ ವಾದವನ್ನೇ ಮಾಡುವದಾಗಿದೆ. ಅದು ಮಗನ ಮೇಲೆ ಭಾರವನ್ನು ಹೊರಿಸುವದು. ಮೊಮ್ಮಗುವಿಗೆ ಅಜ್ಜಿಯ ಮನೆಯೆಂದರೆ ಅಳುವಿನ ಮನೆ ಎಂದು ಕಲಿಸುವದು.

2. ಬರಿದಾದ ಮನೆಯ ಕೆಲಸ.

ಹನ್ನಳು ಪ್ರಾರ್ಥಿಸಿ ಪಡೆದ ಮಗನನ್ನು ಶೀಲೋವಿನಲ್ಲಿ ಬಿಟ್ಟು ಕುಟುಂಬದವರ ಸಂಗಡ ರಾಮಾದ ಮನೆಗೆ ಹಿಂದಿರುಗಿದಳು. ಆ ಮನೆಯೂ ನಿಶ್ಶಬ್ದವಾಗಿದ್ದಿರಬೇಕು. ಆದರೆ ಆಕೆಯು ವರುಷಕ್ಕೊಂದು ಚಿಕ್ಕ ನಿಲುವಂಗಿಯನ್ನು ಮಾಡಿ ಅವನಿಗೆ ತೆಗೆದುಕೊಂಡು ಹೋಗುತ್ತಿದ್ದಳು. ಹೋದ ವರುಷದ ಅಳತೆಯು ಈ ವರುಷಕ್ಕೆ ಸಾಲದು. ಕಣ್ಣಿಗೆ ಕಾಣದ ಮಗನು ಎಷ್ಟು ಬೆಳೆದಿರುವನೆಂದು ಯೋಚಿಸುತ್ತಾ ಹೊಲಿಯಬೇಕಾಯಿತು. ಹೀಗೆ ಆಕೆಯ ಪ್ರೀತಿಗೆ ಕೈಕೆಲಸ ಸಿಕ್ಕಿತು.

ನಾವೂ ಮೊಮ್ಮಕ್ಕಳು ಬೆಳೆಯುವದನ್ನು ಲೆಕ್ಕಕ್ಕೆ ತಂದುಕೊಂಡು ಪ್ರಾರ್ಥಿಸಬೇಕು. ಅವರ ಶಿಕ್ಷಕರ ಹೆಸರೇನು, ಸಂಗಡಿಗರು ಯಾರು, ಯಾವ ಪಾಠವು ಕಷ್ಟ, ಯಾವದಕ್ಕೆ ಭಯ ಎಂದು ಕೇಳಿ ತಿಳಿದು, ದಿನಕ್ಕೊಂದನ್ನು ದೇವರ ಮುಂದೆ ತರೋಣ. ಹಲಸಿನ ಹಪ್ಪಳವನ್ನು ಕಳುಹಿಸುವಾಗ ಅದರೊಡನೆ ನಾಲ್ಕು ಸಾಲಿನ ಕನ್ನಡ ಪತ್ರವನ್ನೂ ಇಡೋಣ. ತಿಮೊಥೆಯನ ನಂಬಿಕೆಯು ಮೊದಲು ಅವನ ಅಜ್ಜಿಯಾದ ಲೋವಿಯಲ್ಲಿತ್ತೆಂದು ಪೌಲನು ಬರೆದಿರುವನು.

ಅಗಲುವಿಕೆಯು ನಮ್ಮ ಸಭೆಗಳಿಗೆ ಸುವಾರ್ತೆಯನ್ನು ತಂದವರಿಗೂ ತಪ್ಪಲಿಲ್ಲ. ಬಾಸೆಲ್ ಮಿಶನಿನ ಮೊದಲನೆಯ ಬೋಧಕರು ಮಂಗಳೂರಿಗೆ ಬಂದದ್ದು 1834ರಲ್ಲಿ. ತರುವಾಯ ಅನೇಕ ಮಿಶನರಿಗಳು ತಮ್ಮ ಚಿಕ್ಕ ಮಕ್ಕಳನ್ನು ಶಿಕ್ಷಣಕ್ಕಾಗಿ ಯುರೋಪಿಗೆ ಕಳುಹಿಸಿ ಇಲ್ಲಿ ಬರಿದಾದ ಮನೆಯಲ್ಲಿ ಸೇವೆಮಾಡಿದರು. ಮಲಯಾಳ ನಿಘಂಟನ್ನು ರಚಿಸಿದ ಹೆರ್ಮನ್ ಗುಂಡರ್ಟರ ಮಗಳಾದ ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಎಳೆಯ ಪ್ರಾಯದಲ್ಲಿಯೇ ಯುರೋಪಿನಲ್ಲಿ ಬಿಡಲ್ಪಟ್ಟು, 1857ರಲ್ಲಿ ಭಾರತಕ್ಕೆ ಹಿಂದಿರುಗಿದಳು. ಸುವೇಜ್ ಕಾಲುವೆಯು 1869ರ ವರೆಗೆ ತೆರೆದಿರಲಿಲ್ಲ. ಒಂದು ಪತ್ರದ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಮಗುವಿನ ಮುಖವನ್ನು ಅದೇ ಸಂಜೆ ಫೋನಿನಲ್ಲಿ ನೋಡುವ ನಾವು ಸ್ತೋತ್ರ ಮಾಡುವದಕ್ಕೆ ಕಾರಣವುಂಟು.

3. ತಮ್ಮ ಮನೆಗಳಿಗೆ ಹಿಂದಿರುಗಿದರು.

ಪೌಲನು ತೂರಿನಲ್ಲಿ ಏಳು ದಿನವಿದ್ದು ಹೊರಡುವಾಗ ಶಿಷ್ಯರೆಲ್ಲರು ಹೆಂಡತಿ ಮಕ್ಕಳ ಸಹಿತ ಊರ ಹೊರಗೆ ಬಂದು ಸಮುದ್ರತೀರದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದರು. ಅವನು ಹಡಗು ಹತ್ತಿದನು. ಅವರು ಮನೆಗೆ ಹಿಂದಿರುಗಿದರು. ಹೋದವರಿಗೆ ಮಾತ್ರವಲ್ಲ, ಉಳಿದವರಿಗೂ ದೇವರು ಸ್ಥಳವನ್ನು ಕೊಟ್ಟಿರುವನು. ಆದದರಿಂದ ಗೋಡೆಯ ಪೆನ್ಸಿಲಿನ ಗೆರೆಯು ಇದ್ದರೆ ಇರಲಿ. ಆದರೆ ಹಾಸಿಗೆಯನ್ನು ಮಡಿಸಿ ಇಡೋಣ, ಇಬ್ಬರಿಗೆ ತಕ್ಕ ಅಕ್ಕಿಯನ್ನು ಅಳೆಯೋಣ, ಒಟ್ಟಾಗಿ ಕೂತು ಊಟಮಾಡೋಣ, ರಜೆಯ ದಿವಸಗಳಲ್ಲಿ ಬಿಟ್ಟ ಸಂಜೆಯ ಪ್ರಾರ್ಥನೆಯನ್ನು ತಿರಿಗಿ ಆರಂಭಿಸೋಣ.

ಇನ್ನೊಂದು ಮಾತು. 2010ನೇ ಮೇ 22ರ ಬೆಳಿಗ್ಗೆ ದುಬಾಯಿಯಿಂದ ಬಂದ ವಿಮಾನವು ಇದೇ ನಿಲ್ದಾಣದಲ್ಲಿ ಇಳಿಯುವಾಗ ಅಪಘಾತಕ್ಕೀಡಾಗಿ 158 ಮಂದಿ ಮೃತರಾದರು. ಬರುವವರಿಗಾಗಿ ಕಾದಿದ್ದ ಮನೆಗಳಲ್ಲಿ ಅಂದು ಉಂಟಾದ ಮೌನವು ಬೇರೆ. ಕ್ಷೇಮವಾಗಿ ಮುಟ್ಟಿದೆವೆಂಬ ಸುದ್ದಿ ಬಂದ ಮನೆಯ ಮೌನವನ್ನು ಅದಕ್ಕೆ ಸಮವೆಂದು ಎಣಿಸಬಾರದು. ಯಾರೂ ಹಿಂದಿರುಗಿ ಬಾರದ ಮನೆಯಾಗಲಿ, ಮಕ್ಕಳೇ ಇಲ್ಲದ ಮುದುಕಿಯಾಗಲಿ ನಿಮ್ಮ ಊರಿನಲ್ಲಿದ್ದರೆ, ಈ ವಾರದಲ್ಲಿಯೇ ಅಲ್ಲಿಗೆ ಹೋಗಿರಿ. ಒಂದು ವಾರದ ಮೌನವನ್ನು ಕಂಡವರಿಗೆ ವರುಷಗಳ ಮೌನವು ಸ್ವಲ್ಪವಾದರೂ ತಿಳಿಯುವದು. ಕರ್ತನು ನಿಮಗೆ ಬಿಡುವನ್ನು ಕೊಟ್ಟಿರುವದು ಇದಕ್ಕಾಗಿಯೂ ಇರಬಹುದು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:

1. ಲಾಬಾನನ ಸಂಜೆಯ ಮಾತಿಗೂ ಬೆಳಗಿನ ಕ್ರಿಯೆಗೂ ಇರುವ ಭೇದವೇನು?
2. ನಮ್ಮ ಪ್ರತಿಯೊಬ್ಬ ಮೊಮ್ಮಗುವಿಗಾಗಿ ಈ ತಿಂಗಳಲ್ಲಿ ಯಾವ ಒಂದು ಸಂಗತಿಯನ್ನು ಬೇಡಿಕೊಳ್ಳುವೆವು?
3. ನಮ್ಮ ಊರಿನಲ್ಲಿ ನಾವು ಹೋಗಿ ಬಾಗಿಲು ತಟ್ಟಬೇಕಾದ ನಿಶ್ಶಬ್ದವಾದ ಮನೆ ಯಾವದು?

ಇವುಗಳನ್ನು ಗಂಡಹೆಂಡರು ಜೊತೆಯಾಗಿ ಮಾತಾಡಿದ ಮೇಲೆ 121ನೇ ಕೀರ್ತನೆಯನ್ನು ಓದಿ, ದೂರದಲ್ಲಿರುವವರ ಹೆಸರುಗಳನ್ನು ಒಬ್ಬೊಬ್ಬರಾಗಿ ಹೇಳಿ ಪ್ರಾರ್ಥಿಸಿರಿ.