ಒಂದೇ ಗಿಯರಿನ ಸೈಕಲ್: ಕಚೇರಿಗೂ ಕಾಲುದಾರಿಗೂ

ಒಂದು ಕಾಲದಲ್ಲಿ ಪುಣೆಗೆ ‘ಸೈಕಲ್ಲುಗಳ ನಗರ’ವೆಂಬ ಹೆಸರಿದ್ದಿತು. ಬೆಳಗಾಗುತ್ತಲೇ ಪೇಟೆಗಳ ಕಿರಿದಾದ ಬೀದಿಗಳಿಂದ ಗುಮಾಸ್ತರು, ಅಧ್ಯಾಪಕರು, ಕಾಲೇಜಿನ ವಿದ್ಯಾರ್ಥಿಗಳು, ಖಡಕಿಯ ಕಾರ್ಖಾನೆಗಳ ಕೆಲಸಗಾರರು ಸೈಕಲ್ಲೇರಿ ಹೊರಡುತ್ತಿದ್ದರು. ಧಾರವಾಡ, ಬೆಳಗಾವಿಗಳ ಕಡೆಯಿಂದ ನೌಕರಿಗಾಗಿ ಅಲ್ಲಿಗೆ ಬಂದು ನೆಲೆಸಿದ ಕನ್ನಡಿಗರಿಗೂ ಈ ವಾಹನ ಅಪರಿಚಿತವಾಗಿರಲಿಲ್ಲ. ಕಾಲಕ್ರಮದಲ್ಲಿ ನಗರ ವಿಸ್ತರಿಸಿತು. ಆಕುರ್ಡಿಯಲ್ಲಿಯೇ ತಯಾರಾಗತೊಡಗಿದ ಸ್ಕೂಟರು ಮನೆಮನೆಯ ಅಂಗಳವನ್ನು ಸೇರಿತು. ಸೈಕಲ್ಲು ಮೆಟ್ಟಿಲಿನ ಕೆಳಗಿನ ಕತ್ತಲೆಯನ್ನು ಸೇರಿತು.

ಈಗ ಅನೇಕರು ಅದನ್ನು ಮತ್ತೆ ಹೊರಗೆಳೆಯುತ್ತಿದ್ದಾರೆ. ರಕ್ತದೊತ್ತಡವೋ ಸಕ್ಕರೆಯ ಕಾಯಿಲೆಯೋ ಕಾಣಿಸಿಕೊಂಡಾಗ ವೈದ್ಯರು ವ್ಯಾಯಾಮವನ್ನು ವಿಧಿಸುತ್ತಾರೆ. ರೋಗಿ ಉತ್ಸಾಹದಿಂದ ಸೈಕಲ್ ಕೊಳ್ಳುತ್ತಾನೆ. ಹದಿನೈದು ದಿನಗಳೊಳಗಾಗಿ ಮೊಣಕಾಲು ನೋಯುತ್ತದೆ, ಏರಿನಲ್ಲಿ ಉಸಿರು ಕಟ್ಟುತ್ತದೆ, ಸೈಕಲ್ಲು ಪುನಃ ಮೆಟ್ಟಿಲಿನ ಕೆಳಗೆ ಹೋಗುತ್ತದೆ. ಇದರಲ್ಲಿ ದೋಷ ಸವಾರನ ವಯಸ್ಸಿನದೂ ಅಲ್ಲ, ಸೈಕಲ್ಲಿನದೂ ಅಲ್ಲ. ಬಹುಮಟ್ಟಿಗೆ ಅದು ಒಂದು ಸಣ್ಣ ಹಲ್ಲುಚಕ್ರದ ಆಯ್ಕೆಗೆ ಸಂಬಂಧಿಸಿದ್ದು.

ಸರಳತೆಯ ಪ್ರಯೋಜನ

ಇಪ್ಪತ್ತೊಂದು ಗಿಯರುಗಳ ಸೈಕಲ್ಲುಗಳು ದೊರೆಯುವ ಈ ಕಾಲದಲ್ಲಿ ಒಂದೇ ಗಿಯರಿನದು ಏತಕ್ಕೆ ಎಂಬ ಪ್ರಶ್ನೆ ಸಹಜವೇ. ಅದಕ್ಕೆ ಉತ್ತರ ಅದರ ಸರಳತೆಯಲ್ಲಿದೆ. ಮುಂದೊಂದು ಹಲ್ಲುಚಕ್ರ, ಹಿಂದೊಂದು ಫ್ರೀವೀಲ್, ಎರಡನ್ನೂ ಕೂಡಿಸುವ ಒಂದು ಚೈನು. ಇಷ್ಟೇ ಅದರ ಯಂತ್ರ. ಕೆಸರು ಸಿಕ್ಕಿಕೊಳ್ಳುವ ಸೂಕ್ಷ್ಮ ಭಾಗಗಳಾಗಲಿ, ಸಡಿಲಗೊಳ್ಳುವ ಗಿಯರಿನ ತಂತಿಗಳಾಗಲಿ ಅದರಲ್ಲಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ನಿತ್ಯ ಓಡಾಡುವವನಿಗೆ ಇದು ಚಿಕ್ಕ ಅನುಕೂಲವಲ್ಲ. ಬೀದಿಯ ಬದಿಯ ರಿಪೇರಿಯವನು ಅದನ್ನು ಕೆಲವೇ ನಿಮಿಷಗಳಲ್ಲಿ ಸರಿಪಡಿಸಬಲ್ಲನು.

ಕಚೇರಿಗೂ ಮಣ್ಣಿನ ದಾರಿಗೂ ಒಂದೇ ಸೈಕಲ್ ಬೇಕೆನ್ನುವವನು ಟೈರಿನ ಕಡೆಗೆ ಲಕ್ಷ್ಯ ಕೊಡಬೇಕು. ಹಳೆಯ ಕರಿಯ ರೋಡ್‌ಸ್ಟರಿನ 28 ಅಂಗುಲದ ಚಕ್ರಕ್ಕೆ ಒಂದೂವರೆ ಅಂಗುಲ ಅಗಲದ ಟೈರಿರುತ್ತದೆ. ಡಾಂಬರು ರಸ್ತೆಗೂ ಹಳ್ಳಿಯ ಗಟ್ಟಿ ಹಾದಿಗೂ ಅದು ಸಾಕು. ಆದರೆ ಪಾಷಾಣ ಕೆರೆಯ ಬಳಿಯ ಮಣ್ಣು ದಾರಿಗಳಲ್ಲಿಯೂ ತಳಜಾಯಿ ಗುಡ್ಡದ ಹಾದಿಗಳಲ್ಲಿಯೂ ರಜಾದಿನ ಅಡ್ಡಾಡಬಯಸುವವನಿಗೆ ಎರಡು ಅಂಗುಲದಷ್ಟು ಅಗಲವಾದ ಟೈರಿನ, 26 ಅಂಗುಲದ ಚಕ್ರದ ಸೈಕಲ್ ಹೆಚ್ಚು ಅನುಕೂಲ. ಅಗಲವಾದ ಟೈರಿನಲ್ಲಿ ಗಾಳಿಯ ಒತ್ತಡವನ್ನು ಸ್ವಲ್ಪ ಕಡಿಮೆ ಇಡಬಹುದು; ಆಗ ಕಲ್ಲುಗಳ ಕುಲುಕಾಟ ಬೆನ್ನಿಗೂ ಮಣಿಕಟ್ಟಿಗೂ ಅಷ್ಟಾಗಿ ತಟ್ಟುವುದಿಲ್ಲ.

ಹಲ್ಲುಗಳ ಲೆಕ್ಕ

‘ಒಂದೇ ಗಿಯರು’ ಎಂದರೆ ಒಂದೇ ವೇಗವೆಂದಲ್ಲ. ಪೆಡಲಿನ ಸುತ್ತಿಗೂ ಚಕ್ರದ ಸುತ್ತಿಗೂ ಇರುವ ಪ್ರಮಾಣ ಒಂದೇ ಎಂದರ್ಥ. ಈ ಪ್ರಮಾಣವನ್ನು ಸವಾರನು ದಾರಿಯಲ್ಲಿ ಬದಲಿಸಲಾರನು. ಆದಕಾರಣ ಮನೆ ಬಿಡುವ ಮೊದಲೇ ಅದನ್ನು ವಿಚಾರಪೂರ್ವಕವಾಗಿ ಆರಿಸಿಕೊಳ್ಳಬೇಕು.

ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇರುವ ಒಂದು ಸೈಕಲ್ಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ ಸುಮಾರು 2.44 ಸುತ್ತು ತಿರುಗುತ್ತದೆ. 28 ಅಂಗುಲದ ಚಕ್ರದ ಸುತ್ತಳತೆ ಸುಮಾರು 2.2 ಮೀಟರು. ಅಂದರೆ ಪೆಡಲಿನ ಪ್ರತಿ ಸುತ್ತಿಗೆ ಸೈಕಲ್ಲು ಸುಮಾರು 5.4 ಮೀಟರು ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19 ಕಿಲೋಮೀಟರಿಗಿಂತ ತುಸು ಹೆಚ್ಚಿನ ವೇಗ ದೊರೆಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದು ಹಿತಕರವೇ.

ಏರಿನಲ್ಲಿ ಪರಿಸ್ಥಿತಿ ಬೇರೆ. ಗಂಟೆಗೆ 12 ಕಿಲೋಮೀಟರಿನ ವೇಗಕ್ಕೆ ಇಳಿದಾಗ ಕಾಲುಗಳು ನಿಮಿಷಕ್ಕೆ ಕೇವಲ 37 ಸುತ್ತು ತಿರುಗುತ್ತವೆ; ಪ್ರತಿಯೊಂದು ಸುತ್ತಿನಲ್ಲಿಯೂ ಪೆಡಲನ್ನು ಬಲವಾಗಿ ಒತ್ತಬೇಕಾಗುತ್ತದೆ. ನಡುವಯಸ್ಸಿನವರ ಮೊಣಕಾಲು ಸೋಲುವುದು ಇಲ್ಲಿಯೇ. ನಿಧಾನವಾದ ತಿರುಗು, ಭಾರಿಯಾದ ಒತ್ತಡ—ಇವೆರಡೂ ಕೂಡಿದಾಗ ಮಂಡಿಚಿಪ್ಪಿನ ಹಿಂಬದಿಯ ಮೇಲೆ ಬೀಳುವ ಭಾರ ಅಧಿಕ.

ಈಗ 18 ಹಲ್ಲಿನ ಫ್ರೀವೀಲನ್ನು ತೆಗೆದು 22 ಹಲ್ಲಿನದನ್ನು ಹಾಕಿದರೆ ಅದೇ ಏರಿಗೆ, ಅದೇ ವೇಗಕ್ಕೆ, ಪೆಡಲಿನ ಮೇಲೆ ಒತ್ತಬೇಕಾದ ಬಲ ಸುಮಾರು ಐದನೆಯ ಒಂದು ಪಾಲು ಕಡಿಮೆಯಾಗುತ್ತದೆ. ತಿರುಗು ನಿಮಿಷಕ್ಕೆ 45 ಸುತ್ತಿಗೆ ಏರುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಏನು? ಸಮತಟ್ಟಿನಲ್ಲಿ ನಿಮಿಷಕ್ಕೆ 60 ಸುತ್ತಿನಂತೆ ತುಳಿದಾಗ ವೇಗ ಗಂಟೆಗೆ 16 ಕಿಲೋಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಕಚೇರಿ 8 ಕಿಲೋಮೀಟರು ದೂರವಿದ್ದರೆ 25 ನಿಮಿಷದ ದಾರಿ 30 ನಿಮಿಷವಾಗುತ್ತದೆ. ಐದು ನಿಮಿಷ ಮೊದಲು ಮನೆ ಬಿಟ್ಟರೆ ಮೊಣಕಾಲು ಉಳಿಯುತ್ತದೆ, ಸೈಕಲ್ಲಿನ ಅಭ್ಯಾಸವೂ ಉಳಿಯುತ್ತದೆ. ಏರುಗಳು ಕಡಿಮೆಯಿದ್ದರೆ 20 ಹಲ್ಲಿನದು ಮಧ್ಯಮ ಮಾರ್ಗ. ಹಲ್ಲು ಹೆಚ್ಚಿದಾಗ ಚೈನಿಗೆ ಕೊಂಡಿ ಸೇರಿಸಬೇಕಾಗಬಹುದೆಂಬುದನ್ನು ಮರೆಯಬಾರದು.

ಗಿಯರನ್ನು ಆರಿಸುವಾಗ ಸವಾರನು ತನ್ನ ಉತ್ಸಾಹದ ಮುಂಜಾವನ್ನಲ್ಲ, ದಣಿದ ಸಂಜೆಯನ್ನು ನೆನೆಯಬೇಕು. ಮರಳಿ ಬರುವಾಗ ಎದುರುಗಾಳಿಯಿರಬಹುದು, ಕ್ಯಾರಿಯರಿನಲ್ಲಿ ತರಕಾರಿಯ ಚೀಲವಿರಬಹುದು. ಆ ಹೊತ್ತಿಗೆ ಒಪ್ಪುವ ಗಿಯರು ಎಲ್ಲ ಹೊತ್ತಿಗೂ ಒಪ್ಪುತ್ತದೆ. ಅದನ್ನೂ ಮೀರಿದ ಏರು ಬಂದರೆ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆಯುವುದರಲ್ಲಿ ಅವಮಾನವೇನೂ ಇಲ್ಲ. ಒಂದೇ ಗಿಯರಿನ ಸೈಕಲ್ಲಿಗೆ ನಡಿಗೆಯೇ ಎರಡನೆಯ ಗಿಯರು.

ಆರೋಗ್ಯದ ದೃಷ್ಟಿ

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಸೂಚನೆಗಳು ಹೇಳುತ್ತವೆ. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಸೈಕಲ್ ತುಳಿದರೆ ಈ 300 ನಿಮಿಷಗಳು ಕಚೇರಿಯ ದಾರಿಯಲ್ಲಿಯೇ ಪೂರೈಸುತ್ತವೆ. ಬ್ರಿಟನ್ನಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕುರಿತು ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರಲ್ಲಿ ಹೃದ್ರೋಗವೂ ಅಕಾಲ ಮರಣವೂ ಕಡಿಮೆಯಾಗಿ ಕಂಡುಬಂದವು. ಸೈಕಲ್ಲೊಂದೇ ಇದಕ್ಕೆ ಕಾರಣವೆಂದು ಇಂಥ ಅಧ್ಯಯನದಿಂದ ಸಿದ್ಧವಾಗದಿದ್ದರೂ ಅದು ಉತ್ತೇಜನಕರವಾದ ಸಂಗತಿಯೇ ಸರಿ.

ಕೆಲವು ಎಚ್ಚರಿಕೆಗಳು ಅವಶ್ಯಕ. ಸೀಟು ತಗ್ಗಾಗಿದ್ದರೆ ಮೊಣಕಾಲು ಅತಿಯಾಗಿ ಮಡಿಯುತ್ತದೆ. ಸೀಟಿನ ಮೇಲೆ ಕುಳಿತು, ಪೆಡಲು ತೀರ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಮುಂಗಾಲಿನಿಂದ ತುಳಿಯುವಾಗ ಆಗ ಮೊಣಕಾಲು ತುಸು ಮಾತ್ರ ಬಾಗುತ್ತದೆ. ತುಳಿಯುತ್ತ ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗುವಷ್ಟು ಶ್ರಮವೇ ಆರಂಭದಲ್ಲಿ ಯೋಗ್ಯ. ಎದೆಯಲ್ಲಿ ಬಿಗಿತ, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಲೆಸುತ್ತು ಕಾಣಿಸಿದರೆ ಕೂಡಲೇ ನಿಲ್ಲಿಸಿ, ತಡಮಾಡದೆ ವೈದ್ಯಕೀಯ ನೆರವನ್ನು ಪಡೆಯಬೇಕು. ಹೃದ್ರೋಗವಿರುವವರು ಮೊದಲೇ ವೈದ್ಯರನ್ನು ಕೇಳಿ ಆರಂಭಿಸುವುದು ಲೇಸು. ಇನ್ಸುಲಿನ್ ಮುಂತಾದ ಔಷಧ ತೆಗೆದುಕೊಳ್ಳುವ ಮಧುಮೇಹಿಗಳಿಗೆ ದಾರಿಯಲ್ಲಿ ರಕ್ತದ ಸಕ್ಕರೆ ಇಳಿಯುವ ಸಂಭವವುಂಟು. ಅವರ ಜೇಬಿನಲ್ಲಿ ಸ್ವಲ್ಪ ಸಕ್ಕರೆಯೋ ಗ್ಲೂಕೋಸೋ ಇರಲೇಬೇಕು. ಇನ್ನೊಂದು ಮಾತು: ಸೈಕಲ್ಲಿನ ಮೇಲೆ ದೇಹದ ಭಾರವನ್ನು ಸೀಟು ಹೊರುವುದರಿಂದ ಮೂಳೆಗಳಿಗೆ ನಡಿಗೆಯಿಂದಾಗುವಷ್ಟು ಲಾಭವಾಗದು. ಆದ್ದರಿಂದ ನಡಿಗೆಯನ್ನು ಪೂರ್ತಿ ಕೈಬಿಡಬಾರದು.

ಪಾಲನೆ ಮತ್ತು ಸುರಕ್ಷತೆ

ವಾರಕ್ಕೊಮ್ಮೆ ಟೈರಿನ ಗಾಳಿಯನ್ನು ನೋಡಿ, ಚೈನನ್ನು ಒರೆಸಿ, ಹನಿ ಹನಿಯಾಗಿ ಎಣ್ಣೆ ಬಿಟ್ಟು, ಹೆಚ್ಚಿನದನ್ನು ಬಟ್ಟೆಯಿಂದ ತೆಗೆಯಬೇಕು. ಚೈನು ನಡುವೆ ಸುಮಾರು ಅರ್ಧ ಅಂಗುಲದಷ್ಟು ಮೇಲೆ ಕೆಳಗೆ ಆಡುತ್ತಿದ್ದರೆ ಸರಿ. ಅದಕ್ಕಿಂತ ಸಡಿಲವಾದರೆ ಹಿಂದಿನ ಚಕ್ರವನ್ನು ತುಸು ಹಿಂದಕ್ಕೆಳೆದು ನೇರವಾಗಿ ಬಿಗಿಯಬೇಕು. ಹೊಸ ಚೈನಿನ 24 ಪಿನ್ನುಗಳ ಅಂತರ ಸರಿಯಾಗಿ 12 ಅಂಗುಲ. ಅದು ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಹೆಚ್ಚಿದರೆ ಚೈನನ್ನು ಬದಲಾಯಿಸಬೇಕು. ಇಲ್ಲವಾದರೆ ಅದು ಹಲ್ಲುಚಕ್ರಗಳನ್ನೂ ತಿಂದುಹಾಕುತ್ತದೆ.

ಉಕ್ಕಿನ ರಿಮ್ಮು ಒದ್ದೆಯಾದಾಗ ಬ್ರೇಕು ತಡವಾಗಿ ಹಿಡಿಯುತ್ತದೆ. ಮಳೆಯಲ್ಲಿ ಮುಂಚಿತವಾಗಿಯೇ ಮೆಲ್ಲನೆ ಒತ್ತತೊಡಗುವುದು ವಿವೇಕ. ಎರಡು ಬ್ರೇಕು, ಗಂಟೆ, ಮುಂದೆ ದೀಪ, ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ಟು—ಇವುಗಳಲ್ಲಿ ಯಾವುದೂ ಅಲಂಕಾರವಲ್ಲ. ಗುಡ್ಡದ ಹಾದಿಗಳಲ್ಲಿ ನಡೆಯುವವರಿಗೆ ಮೊದಲ ಹಕ್ಕು. ಅವರನ್ನು ಕಂಡಾಗ ನಿಧಾನಿಸಿ ದಾರಿ ಬಿಡುವುದು ಸವಾರನ ಕರ್ತವ್ಯ. ವಾಹನಗಳ ಹೊಗೆ ದಟ್ಟವಾಗಿರುವ ಹೆದ್ದಾರಿಗಿಂತ, ತುಸು ಸುತ್ತಾದರೂ ಒಳಬೀದಿಯೇ ಶ್ವಾಸಕೋಶಗಳಿಗೆ ಹಿತ.

ಸೈಕಲ್ಲು ಆರೋಗ್ಯವನ್ನು ಕೊಡುವುದು ಕೊಂಡ ದಿನವಲ್ಲ, ನೂರನೆಯ ದಿನವೂ ಅದರ ಮೇಲೆ ಕುಳಿತಾಗ. ಮೆಟ್ಟಿಲಿನ ಕೆಳಗೆ ಧೂಳು ಹಿಡಿದ ಸೈಕಲ್ಲಿರುವ ಮನೆಯವರು ಅದನ್ನು ಗುಜರಿಗೆ ಹಾಕುವ ಮುನ್ನ, ಅದರ ಹಿಂದಿನ ಹಲ್ಲುಗಳನ್ನೊಮ್ಮೆ ಎಣಿಸಿ ನೋಡುವುದು ಒಳ್ಳೆಯದು.